ಬಟಾಣಿ ಸೂಪಿನ ಸಾಲು

ಫಿನ್ಲೆಂಡಿನ ಸೇನಾ ಶಿಬಿರ
ಫೆಬ್ರವರಿ 2009

ಅಮ್ಮಾ,

ಅಮೆರಿಕದ ಮೆಟುಚೆನ್‌ನಿಂದ ನಿನ್ನ ಕಾಗದ ಬಂತು. ನಾವೆಲ್ಲ ಇಲ್ಲಿದ್ದಾಗ, ಚಿಕ್ಕವನಾಗಿದ್ದ ನನಗೆ ಇಲ್ಲಿನ ಪೌರತ್ವ ಕೊಡಿಸಿದವರು ನೀನೂ ಅಪ್ಪನೂ; ಈಗ ಕಡ್ಡಾಯ ಸೇನಾ ತರಬೇತಿಗೆ ಕರೆದರೆ, ‘ಬ್ಯಾಂಕುಗಳೇ ಮುಳುಗ್ತಿವೆ, ಲೋಕನಾಥ ಅಂಕಲ್ ಮೋಟೆಲ್‌ನಲ್ಲಿ ಕೆಲಸ ಇಟ್ಟಿದ್ದಾರೆ, ಏನಾದ್ರೂ ಹೇಳಿ ಬಂದ್ಬಿಡು’ ಅಂತೀಯ.

ಮೊದಲ ದಿನ ಬಟಾಣಿ ಸೂಪ್ ಬಡಿಸುವವನಿಗೆ ನಮ್ಮನೆ ಅಭ್ಯಾಸದಲ್ಲಿ ‘ಬೇಡ, ಬೇಡ’ ಅಂದೆ. ನೀನಾಗಿದ್ದರೆ ಮೂರು ಸೌಟು ಹಾಕಿರುತ್ತಿದ್ದೆ. ಅವನು ತಲೆಯಾಡಿಸಿ ಮುಂದಿನವನಿಗೆ ಬಡಿಸಿದ. ಹಿಮದಲ್ಲಿ ಹನ್ನೆರಡು ಕಿಲೋಮೀಟರ್ ಹಸಿದುಕೊಂಡೇ ನಡೆದೆ. ಈಗ ಕೇಳಿ ಹಾಕಿಸಿಕೊಳ್ಳುತ್ತೇನೆ.

ಚಟ್ನಿಪುಡಿ ಕಳಿಸು. ಮೋಟೆಲ್ ಕೆಲಸ ಬೇಡವೆಂದು ಅಂಕಲ್‌ಗೆ ತಿಳಿಸು; ತರಬೇತಿ ಮುಗಿಸಿಯೇ ಬರುತ್ತೇನೆ. ಇದು ಇಲ್ಲಿ ಕಲಿತ ‘ಬೇಡ’, ಅಮ್ಮಾ. ಮತ್ತೆ ಸೌಟು ಎತ್ತಬೇಡ.

ನಿನ್ನ
ಓಂಕಾರ್