ಹೆಸರು ಕೇಳಿದವರಿಗೆ

॥ ಶ್ರೀ ॥

ಸತ್ಯನಾರಾಯಣಪೇಟೆ, ಬಳ್ಳಾರಿ
೩ ಫೆಬ್ರವರಿ ೨೦೨೫, ಸೋಮವಾರ

ಸಿರುಗುಪ್ಪದ ಸುಗುಣಮ್ಮ ಟೀಚರಿಗೆ,

ನಿಮ್ಮವರ ಲೆಕ್ಕದಲ್ಲಿ ವಂದನಾಲು, ನಮ್ಮವರ ಲೆಕ್ಕದಲ್ಲಿ ಅನೇಕ ಆಶೀರ್ವಾದಗಳು. ಎರಡನ್ನೂ ಇಟ್ಟುಕೊಳ್ಳಿ. ಮೇಲೆ ‘ಶ್ರೀ’ ಬರೆದದ್ದಕ್ಕೆ ಬೇಸರ ಮಾಡಿಕೊಳ್ಳಬೇಡಿ, ಅದನ್ನು ಬರೆಯದೆ ನನ್ನ ಕೈ ಮುಂದೆ ಓಡುವುದಿಲ್ಲ.

ಫೋನು ಮಾಡಬಹುದಿತ್ತಲ್ಲ ಎನ್ನುತ್ತೀರಿ. ನನಗೆ ಫೋನಿನಲ್ಲಿ ಬೈಯಲು ಬರುತ್ತದೆ, ಉಪಕಾರ ನೆನೆಯಲು ಬರುವುದಿಲ್ಲ. ಅದಕ್ಕೇ ಈ ಕಾಗದ. ನಮ್ಮ ಎದುರು ಮನೆಯ ಜಂಬುನಾಥ ದಿನಾ ಸಿರುಗುಪ್ಪಕ್ಕೆ ಕೆಲಸಕ್ಕೆ ಹೋಗಿ ಬರುತ್ತಾನೆ, ನಿಮ್ಮ ಶಾಲೆಗೇ ತಂದು ಕೈಗೆ ಕೊಡುತ್ತಾನೆ.

ಮೊದಲು ಸುದ್ದಿ. ಭಾವನಾಗೆ ಹೆಣ್ಣು ಕೂಸು ಹುಟ್ಟಿದೆ. ತಾಯಿ ಮಗು ಇಬ್ಬರೂ ಚೆನ್ನಾಗಿದ್ದಾರೆ. ಹೆರಿಗೆ ಇಲ್ಲೇ ಬಳ್ಳಾರಿಯ ದವಾಖಾನೆಯಲ್ಲಾಯಿತು, ಈಗ ಕುರುಗೋಡಿನ ತವರಿನಲ್ಲಿದ್ದಾಳೆ. ಕೂಸಿಗೆ ತಲೆ ತುಂಬ ಕೂದಲು, ಮೂಗು ಮಾತ್ರ ನನ್ನ ಮಗ ಭಾರ್ಗವನದು, ಏನು ಮಾಡುವುದು. ಬರುವ ಭಾನುವಾರ ಕುರುಗೋಡಿನಲ್ಲಿ ತೊಟ್ಟಿಲಿಗೆ ಹಾಕುವ ಶಾಸ್ತ್ರ. ನೀವು ಬರಬೇಕು. ನೀವು ಬಾರದಿದ್ದರೆ ಕೂಸನ್ನು ತೊಟ್ಟಿಲಿಗೆ ಹಾಕುವುದಿಲ್ಲವೆಂದು ನನ್ನ ಸೊಸೆ ಹಟ ಹಿಡಿದು ಕೂತಿದ್ದಾಳೆ. ಯಾಕೆ ಅಂತ ಮುಂದೆ ಬರೆಯುತ್ತೇನೆ, ಮೊದಲು ಒಂದಷ್ಟು ಹಳೆಯದನ್ನು ಹೇಳಿಕೊಳ್ಳಲು ಬಿಡಿ. ಹೇಳದೆ ಇಟ್ಟುಕೊಂಡು ನನಗೆ ಎದೆ ಭಾರವಾಗಿದೆ.

ಆ ಡಿಸೆಂಬರಿನ ಸಂಜೆ ನಿಮಗೆ ನೆನಪಿದ್ದೇ ಇರುತ್ತದೆ. ದೀಪಾವಳಿಗೆ ಕಟ್ಟಿದ ಆಕಾಶಬುಟ್ಟಿಯನ್ನು ಭಾರ್ಗವ ಕಾರ್ತಿಕ ಮುಗಿದರೂ ಇಳಿಸಿರಲಿಲ್ಲ. ಆ ವರ್ಷ ಅಂಗಡಿಯಿಂದ ತಂದದ್ದೋ ನಕ್ಷತ್ರದ ಆಕಾರದ್ದು. ನೀವೂ ನಿಮ್ಮ ಚರ್ಚಿನವರೂ ಓಣಿಯಲ್ಲಿ ಹಾಡುತ್ತಾ ಬಂದವರು ಅದನ್ನು ನೋಡಿ, ಇದೂ ನಮ್ಮವರದೇ ಮನೆ, ಕ್ರಿಸ್ಮಸ್ ನಕ್ಷತ್ರ ಕಟ್ಟಿದ್ದಾರೆ ಎಂದುಕೊಂಡು ಸೀದಾ ಒಳಗೇ ಬಂದುಬಿಟ್ಟಿರಿ. ನಾನು ಮಡಿಯುಟ್ಟು ದೇವರ ಮುಂದೆ ದೀಪ ಹಚ್ಚುತ್ತಿದ್ದೆ. ತಿರುಗಿ ನೋಡಿದರೆ ಪಡಸಾಲೆ ತುಂಬ ಜನ, ಮಧ್ಯೆ ಕೆಂಪಂಗಿ ಬಿಳಿಗಡ್ಡದವನೊಬ್ಬ ಕುಣಿಯುತ್ತಿದ್ದಾನೆ. “ದೂರ ದೂರ, ಮಡಿಯೊಳಗಿದ್ದೀನಿ” ಎಂದು ನಾನು ಕೂಗಿದ್ದು ನಿಮ್ಮ ಡೋಲಕ್ಕಿನ ಸದ್ದಿನಲ್ಲಿ ಯಾರಿಗೂ ಕೇಳಲಿಲ್ಲ.

ಬೈದು ಕಳಿಸಬೇಕೆಂದೇ ಇದ್ದೆ. ಅಷ್ಟರಲ್ಲಿ ನಡುಮನೆಯ ಪಕ್ಕದ ಕೋಣೆಯ ಬಾಗಿಲು ತೆರೆಯಿತು. ಆ ದಸರಾದ ಹೊತ್ತಿಗೆ ಭಾವನಾಗೆ ಹುಟ್ಟಿದ ಕೂಸು ಉಸಿರಾಡಿರಲಿಲ್ಲವಲ್ಲ, ಆವತ್ತಿನಿಂದ ಅವಳು ಆ ಕೋಣೆ ಬಿಟ್ಟು ಹೊರಗೆ ಬಂದದ್ದು ಸ್ನಾನಕ್ಕೆ, ಊಟಕ್ಕೆ ಮಾತ್ರ. ಮಾತಂತೂ ಇಲ್ಲವೇ ಇಲ್ಲ. ನೀವು ಹಾಡುತ್ತಿದ್ದದ್ದು ತೆಲುಗಿನಲ್ಲಿ, ಊರೆಲ್ಲಾ ತಿರುಗಿದರೂ ಜಾಗ ಸಿಗದೆ ದನದ ಕೊಟ್ಟಿಗೆಯಲ್ಲಿ ಹೆತ್ತ ತಾಯಿಯ ಕಥೆ. ಹುಡುಗಿ ಬಾಗಿಲ ಚೌಕಟ್ಟು ಹಿಡಿದು ಪೂರ್ತಿ ಕೇಳಿದಳು. ಆಮೇಲೆ ಅತ್ತಳು ನೋಡಿ. ದವಾಖಾನೆಯಲ್ಲೂ ಅಳದವಳು ನಿಮ್ಮ ಆ ಗಡ್ಡದವನ ಮುಂದೆ ನಿಂತು ಅತ್ತಳು. ಅವನಿಗೆ ಕುಣಿತವೇ ಮರೆತುಹೋಯಿತು.

ತಪ್ಪು ಮನೆ ಎಂದು ತಿಳಿದು ಉಳಿದವರೆಲ್ಲ ನಾಚಿಕೊಂಡು ಹೊರಟರು, ನೀವೊಬ್ಬರು ನಿಂತಿರಿ. ನಾನು ರವೆ ಉಂಡಿ ತಂದುಕೊಟ್ಟರೆ ನೀವು ಹೇಳಿದ್ದೇನು? “ಅಮ್ಮ, ದೇವ್ರಿಗೆ ಎಡಿ ಹಿಡಿದಿದ್ದು ನಾವು ತಿನ್ನಾಂಗಿಲ್ರಿ, ತಪ್ಪು ತಿಳೀಬ್ಯಾಡ್ರಿ.” ನನಗೆ ಮೈಯೆಲ್ಲ ಉರಿದುಹೋಯಿತು. ನಮ್ಮ ಮನೆಯಲ್ಲಿ ನೈವೇದ್ಯವಾಗದೆ ಒಂದು ಅಗುಳೂ ಒಲೆಯ ಮುಂದಿನಿಂದ ಆಚೆ ಹೋಗುವುದಿಲ್ಲ. ನೈವೇದ್ಯವಾದದ್ದನ್ನೇ ಒಲ್ಲೆನೆನ್ನುವ ಈಕೆ ಯಾವ ದೊಡ್ಡ ಮನುಷ್ಯಳು ಎಂದು ಅವತ್ತೆಲ್ಲ ಗೊಣಗಿದೆ. ನಮ್ಮ ಯಜಮಾನರು ಪೇಪರಿನಿಂದ ತಲೆಯೆತ್ತದೆ, “ನೀನು ತಿನ್ನೂದಿಲ್ಲ ಅನ್ನೂದು ದೇವರಿಗೆ ಹೆದರಿ, ಆಕಿ ತಿನ್ನೂದಿಲ್ಲ ಅನ್ನೂದೂ ದೇವರಿಗೆ ಹೆದರಿ. ಯಾಕ ಜಗಳ?” ಎಂದರು. ಆಮೇಲೆ ನೋಡಿ, ಪಡಸಾಲೆಯ ಮೂಲೆಯಲ್ಲಿ ಆ ಕರೆಂಟಿನ ಒಲೆ ಬಂದದ್ದು. ನೀವು ಬಂದಾಗಲೆಲ್ಲ ಅವಲಕ್ಕಿ, ಉಪ್ಪಿಟ್ಟು, ಚಹಾ ಎಲ್ಲ ಅದರ ಮೇಲೇ. ಅಡುಗೆಮನೆಯ ಆಚಾರವೂ ಉಳಿಯಿತು, ನಿಮ್ಮ ನಂಬಿಕೆಯೂ ಉಳಿಯಿತು. ನಮ್ಮ ಅತ್ತೆಯವರಿದ್ದಿದ್ದರೆ ನನ್ನನ್ನು ಒಲೆಯ ಸಮೇತ ಹೊರಗೆ ಹಾಕುತ್ತಿದ್ದರು.

ನೀವು ಎರಡನೆಯ ಸಲ ಬಂದಾಗ ಭಾವನಾಗೆ ಏನಾದರೂ ಸಮಾಧಾನದ ಮಾತು ಹೇಳುತ್ತೀರೆಂದುಕೊಂಡಿದ್ದೆ. ಬಂದವರೆಲ್ಲ ಹೇಳಿದ್ದು ಒಂದೇ ಮಾತು, ಮರೆತುಬಿಡು, ಇನ್ನೂ ವಯಸ್ಸಿದೆ, ಮುಂದಿನದು ಬರುತ್ತದೆ. ನಾನೂ ಅದನ್ನೇ ಹೇಳಿದ್ದೆ, ನನಗೆ ಬೇರೆ ಯಾರು ಏನು ಹೇಳಿಕೊಟ್ಟಿದ್ದರು? ನಮ್ಮಲ್ಲಿ ಹೆಸರಿಡುವ ದಿನದವರೆಗೆ ಉಳಿಯದ ಕೂಸಿಗೆ ಹೆಸರಿಲ್ಲ, ತಿಥಿಯಿಲ್ಲ, ಅದರ ಮಾತೂ ಇಲ್ಲ. ನೀವು ಬಂದವರೇ ಅವಳ ಪಕ್ಕ ನೆಲದ ಮೇಲೆ ಕೂತು, “ಕೂಸಿನ ಹೆಸರೇನವ್ವ?” ಎಂದು ಕೇಳಿದಿರಿ.

ನಾನು ಅಡುಗೆಮನೆಯ ಬಾಗಿಲಲ್ಲಿದ್ದೆ. ಹಾಲು ಉಕ್ಕಿ ಒಲೆಯ ಮೇಲೆಲ್ಲ ಹರಿಯಿತು. ಸೊಸೆ ‘ಪಾವನಿ’ ಎಂದಳು. ಗರ್ಭಿಣಿಯಾಗಿದ್ದಾಗಲೇ ಮನಸ್ಸಿನಲ್ಲಿ ಇಟ್ಟುಕೊಂಡ ಹೆಸರಂತೆ, ಭಾರ್ಗವನಿಗೂ ಹೇಳಿರಲಿಲ್ಲವಂತೆ. ನೀವು ಯೇಸುಸ್ವಾಮಿಯ ವಿಷಯ ಹೇಳಿದಿರಿ. ಸಣ್ಣ ಮಕ್ಕಳನ್ನು ತನ್ನ ಹತ್ತಿರಕ್ಕೆ ಬಿಡಿರೆಂದು ಹೇಳಿದವನು ಆತ, ಒಬ್ಬೊಬ್ಬರನ್ನೂ ಹೆಸರು ಹಿಡಿದು ಬಲ್ಲವನು, ಪಾವನಿಯೂ ಆತನ ಲೆಕ್ಕದಲ್ಲಿದ್ದಾಳೆ ಎಂದಿರಿ. “ನಿಮಗ ಒಪ್ಪಿಗಿ ಇದ್ರ ಆಕಿ ಹೆಸರು ಹಿಡದು ಪ್ರಾರ್ಥನಿ ಮಾಡ್ತೀನಿ” ಎಂದು ಕೇಳಿದ್ದು ನನ್ನ ಕಡೆ ತಿರುಗಿ. ನಾನು ಹೂಂ ಅನ್ನಲಿಲ್ಲ, ಊಹೂಂ ಎಂದೂ ಅನ್ನಲಿಲ್ಲ. ಹಾಲು ಒರೆಸಲು ಒಳಗೆ ಹೋದೆ. ಒರೆಸುವುದು ಮುಗಿಯಲೇ ಇಲ್ಲ.

ಆ ರಾತ್ರಿ ಭಾವನಾ ಎರಡು ಚಪಾತಿ ಹೆಚ್ಚಿಗೆ ಕೇಳಿ ತಿಂದಳು. ನನಗೆ ಅಷ್ಟು ಸಾಕಾಗಿತ್ತು, ಟೀಚರ್.

ಆಮೇಲಿನದು ನಿಮಗೆ ಗೊತ್ತಿರುವುದೇ. ವಾರ ವಾರ ಬಂದಿರಿ, ಓದಿ ಹೇಳಿದಿರಿ, ನಾನು ಮಧ್ಯೆ ಬಾಯಿ ಹಾಕಿ ನಮ್ಮ ರಾಯರ ಮಹಿಮೆ ಹೇಳಿದೆ. ನೀವು ಅದನ್ನೂ ಕೈ ಕಟ್ಟಿಕೊಂಡು ಕೇಳಿದಿರಿ, ಒಂದು ದಿನವೂ ನಮ್ಮ ದೇವರನ್ನು ಹಗುರಾಗಿ ಆಡಲಿಲ್ಲ. ಹಾಗೆಂದು ನಿಮ್ಮದನ್ನು ಮುಚ್ಚಿಟ್ಟುಕೊಳ್ಳಲೂ ಇಲ್ಲ. ಈಸ್ಟರ್ ಆದ ಮಾರನೆಯ ದಿನ ಭಾವನಾಗೆ ಬೈಬಲ್ ತಂದುಕೊಟ್ಟು, ಸತ್ತವನು ಎದ್ದು ಬಂದ ಕಥೆಯನ್ನು ನೀವು ಕಣ್ಣು ತುಂಬಿಕೊಂಡು ಹೇಳುತ್ತಿರುವಾಗಲೇ ಭಾರ್ಗವ ಬಂದ. ಓಣಿಯವರು ಏನೇನೋ ತುಂಬಿದ್ದರು. “ನಮ್ಮ ಮನ್ಯಾಗ ಮತಾಂತರ ಮಾಡ್ಲಿಕ್ಕೆ ಬಂದೀರೇನು?” ಎಂದು ಬಿರುಸಾಗಿ ಕೇಳಿಬಿಟ್ಟ. ನೀವು ಎದ್ದು ಸೆರಗು ಸರಿಮಾಡಿಕೊಂಡು, “ಸಾರ್, ನನ್ನ ಜೀವ ಹಿಡದು ನಿಲ್ಲಿಸಿದ್ದು ಏನೈತಿ ಅದನ್ನ ಹೇಳೀನಿ. ಒಪ್ಪಾದು ಬಿಡಾದು ಕೇಳಿದವ್ರ ಮನಸ್ಸು. ಬ್ಯಾಡ ಅಂದ ಮನಿಗೆ ಕರೀದ ಬರಾಂಗಿಲ್ಲ. ಭಾವನಾನ ಮ್ಯಾಲೆ ಸಿಟ್ಟಾಗಬ್ಯಾಡ್ರಿ” ಎಂದಿರಿ. ಅಷ್ಟೇ ಹೇಳಿ ಹೋದಿರಿ. ಜೂನಿನಲ್ಲಿ ಸಿರುಗುಪ್ಪಕ್ಕೆ ವರ್ಗವಾಯಿತೆಂದು ಬೇರೆಯವರ ಬಾಯಿಂದ ಕೇಳಿದೆವು.

ಈಗ ಭಾವನಾಳ ವಿಷಯ ಮುಚ್ಚುಮರೆಯಿಲ್ಲದೆ ಬರೆಯುತ್ತೇನೆ. ನೀವು ಕೊಟ್ಟ ಪುಸ್ತಕವನ್ನು ಅವಳು ದಿನಾ ಓದುತ್ತಾಳೆ. ಬೆಳಿಗ್ಗೆ ನನ್ನ ಜೊತೆ ತುಳಸಿಗೆ ನೀರು ಹಾಕುತ್ತಾಳೆ, ಸಂಜೆ ಕಣ್ಣು ಮುಚ್ಚಿ ಯೇಸುವಿನ ಹತ್ತಿರ ಮಾತಾಡುತ್ತಾಳೆ. ಈ ದಾರಿ ಎಲ್ಲಿಗೆ ಹೋಗಿ ಮುಟ್ಟುತ್ತದೋ ನನಗೆ ತಿಳಿಯದು. ಹೆದರಿಕೆಯಿಲ್ಲ ಅಂದರೆ ಸುಳ್ಳಾದೀತು. ಸೊಸೆ ಕೈತಪ್ಪಿ ಹೋದಾಳೆಂಬ ಹೆದರಿಕೆ ನನಗೆ ಇದೆ, ಇವತ್ತಿಗೂ ಇದೆ. ಆದರೆ ಮಾತೇ ಬಿಟ್ಟಿದ್ದ ಹುಡುಗಿ ಮಾತಾಡುತ್ತಿದ್ದಾಳೆ. ಮೊದಲು ಯಾರ ಹತ್ತಿರ ಮಾತಾಡಿದಳು ಎಂದು ನಾನು ಜಗಳ ತೆಗೆಯಲೇ? ಅಷ್ಟು ಕೃತಘ್ನಳಲ್ಲ ನಾನು.

ಈಗ ಅವಳ ಹಟ ಏನೆಂದರೆ, “ದೊಡ್ಡಾಕಿ ಹೆಸರು ಹೇಳದ ಸಣ್ಣಾಕಿಗೆ ಹೆಸರು ಇಡೂದಿಲ್ಲ. ಟೀಚರ್ ಬಂದು ಪಾವನಿ ಹೆಸರು ಹಿಡದು ಪ್ರಾರ್ಥನಿ ಮಾಡ್ಬೇಕು, ಆಮೇಲೆ ತೊಟ್ಟಿಲು.” ನಮ್ಮ ಬೀಗಿತಿ, ಅಂದರೆ ಅವಳ ತಾಯಿ, ಇದನ್ನು ಕೇಳಿ ಎದೆ ಎದೆ ಬಡಿದುಕೊಂಡರು. ತೊಟ್ಟಿಲ ಮುಂದೆ ಹೋದವರ ಹೆಸರೆತ್ತುವುದು ಅಪಶಕುನವಂತೆ, ಬದುಕಿರುವ ಕೂಸಿಗೆ ಆಗಿಬರುವುದಿಲ್ಲವಂತೆ. ನಾನು ಹೋದ ವಾರ ಕುರುಗೋಡಿಗೇ ಹೋಗಿ ಅವರ ಮುಂದೆ ಕೂತು ಹೇಳಿದೆ, “ಅಕ್ಕಾ, ಹೊಟ್ಟ್ಯಾಗ ಒಂಬತ್ತು ತಿಂಗಳು ಇದ್ದ ಕೂಸು ಅಪಶಕುನ ಹೆಂಗಾಗ್ತದ? ನಿಮ್ಮ ಮಗಳನ್ನ ಕೇಳ್ರಿ, ಆಕಿಗೆ ಇಬ್ರು ಮಕ್ಕಳು.” ನನ್ನ ದನಿ ಏರಿತ್ತೇನೋ, ಪಕ್ಕದ ಮನೆಯವರು ಬಂದು ಇಣುಕಿ ಹೋದರು. ಬೀಗಿತಿ ಎರಡು ದಿನ ಮುಖ ತಿರುಗಿಸಿದರು, ನಿನ್ನೆ ಫೋನು ಮಾಡಿ ಸರಿ ಎಂದರು.

ಉಳಿದವನು ಭಾರ್ಗವ. ದವಾಖಾನೆಯಲ್ಲಿ ಭಾವನಾಳನ್ನು ಒಳಗೆ ಕರೆದೊಯ್ದಾಗ ಅವನು ಗೋಡೆಗೆ ಹಣೆ ಕೊಟ್ಟು ನಿಂತಿದ್ದ. ಮಗು ಅತ್ತ ದನಿ ಕೇಳಿದ ಮೇಲೆ ನನ್ನ ಹತ್ತಿರ ಬಂದು, “ಅಮ್ಮ, ಆ ಟೀಚರಿಗೆ ನಾನು ಹಂಗ ಅನ್ನಬಾರದಿತ್ತು. ಹೆಂಗ ಮುಖ ತೋರಿಸ್ಲಿ?” ಎಂದ. ನೀನು ಮುಖ ತೋರಿಸುವುದು ಬೇಡ, ಕಾರು ತೋರಿಸು ಎಂದೆ. ಭಾನುವಾರ ಮಧ್ಯಾಹ್ನ ಅವನೇ ಸಿರುಗುಪ್ಪಕ್ಕೆ ಬಂದು ನಿಮ್ಮನ್ನು ಕರೆದೊಯ್ಯುತ್ತಾನೆ. ದಾರಿಯಲ್ಲಿ ಕ್ಷಮೆ ಕೇಳಲು ಒದ್ದಾಡುತ್ತಾನೆ. ಅವನ ಬಾಯಲ್ಲಿ ಅದು ಬೇಗ ಬರುವುದಿಲ್ಲ, ನೀವು ಸ್ವಲ್ಪ ಕಾಯಿರಿ. ನಿಮ್ಮ ಚರ್ಚು ತಪ್ಪಬಾರದೆಂದು ಶಾಸ್ತ್ರವನ್ನು ಸಂಜೆಗೇ ಇಟ್ಟಿದ್ದೇವೆ. ಆಚಾರ್ಯರಿಗೆ ಸಂಜೆಗೆ ಇನ್ನೊಂದು ಕಡೆ ಹೋಗುವುದಿತ್ತಂತೆ, ಹೋಗಲಿ, ಅವರ ಮಂತ್ರ ಬೆಳಿಗ್ಗೆ ಮುಗಿಯುತ್ತದೆ. ಒಲೆಯನ್ನೂ ಕಾರಿನಲ್ಲೇ ಒಯ್ಯುತ್ತಿದ್ದೇನೆ. ನಿಮಗೆ ಚಿತ್ರಾನ್ನ, ಹೆಸರುಬೇಳೆ ಪಾಯಸ ಬೇರೆಯಾಗಿ ಮಾಡುತ್ತೇನೆ.

ಒಂದೇ ಮಾತು. ನಾವು ವೈಷ್ಣವರು, ನಮ್ಮವರೆಲ್ಲ ಸೇರಿರುತ್ತಾರೆ ಎಂದು ಸಂಕೋಚಪಟ್ಟು ನಿಮ್ಮ ಸ್ವಾಮಿಯ ಹೆಸರನ್ನು ನುಂಗಿಕೊಳ್ಳಬೇಡಿ. ಬಡಿಸಲು ಬಂದವರು ಉಪ್ಪು ಬಚ್ಚಿಟ್ಟರೆ ಯಾರಿಗೆ ರುಚಿ? ಯಾರ ಹೆಸರಿನಲ್ಲಿ ಅವತ್ತು ನನ್ನ ಸೊಸೆಗೆ ಜೀವ ಬಂತೋ ಅದೇ ಹೆಸರಿನಲ್ಲಿ ಪ್ರಾರ್ಥಿಸಿ. ನಾನು ಕೃಷ್ಣಾರ್ಪಣ ಎನ್ನುತ್ತೇನೆ, ನೀವು ಆಮೆನ್ ಎನ್ನಿ. ನಾನು ನಿಮ್ಮ ಧರ್ಮಕ್ಕೆ ಬರುವವಳಲ್ಲ, ಅದು ನಿಮಗೂ ಗೊತ್ತು. ಗೊತ್ತಿದ್ದೂ ನನಗೂ ಅಷ್ಟೇ ಪ್ರೀತಿಯಿಂದ ಹೇಳಿದಿರಲ್ಲ, ಅದಕ್ಕೆ ನಾನು ನಿಮಗೆ ಋಣಿ. ನಮ್ಮ ಮನೆಗೆ ಬಂದವರು ಎಷ್ಟೋ ಜನ, ಹೋದ ಕೂಸಿನ ಹೆಸರು ಕೇಳಿದವರು ನೀವೊಬ್ಬರೇ.

ಬನ್ನಿ. ಬರುವುದಿಲ್ಲವೆಂದು ಮಾತ್ರ ಹೇಳಬೇಡಿ.

ಇತಿ,
ಅಕ್ಕನೆಂದು ತಿಳಿದುಕೊಳ್ಳಿ,
ವಿಜಯಾಬಾಯಿ

ಮ.ಮಾ.: ಕಾಗದ ಮಡಿಚಿ ಮತ್ತೆ ಬಿಚ್ಚಿದ್ದೇನೆ. ಭಾರ್ಗವ ನನ್ನ ಮೊದಲನೆಯ ಮಗನಲ್ಲ. ಅವನಿಗಿಂತ ಮುಂಚೆ ಒಬ್ಬ ಹುಟ್ಟಿದ್ದ, ಬೆಳಗಾಗುವವರೆಗೆ ಇದ್ದ. ನಮ್ಮ ಯಜಮಾನರು ಟವೆಲಿನಲ್ಲಿ ಸುತ್ತಿಕೊಂಡು ಹೋದವರು ಬರಿಗೈಲಿ ಬಂದರು. ಅದನ್ನು ಲೆಕ್ಕಕ್ಕೆ ಹಿಡಿಯಬೇಡವೆಂದರು ನಮ್ಮ ಅತ್ತೆ. ಆವತ್ತಿನಿಂದ ಇವತ್ತಿನವರೆಗೆ ನಾವು ಗಂಡ ಹೆಂಡತಿ ಅವನ ಮಾತೆತ್ತಿಲ್ಲ. ನಾನು ಮನಸ್ಸಿನಲ್ಲೇ ಶ್ರೀಪಾದ ಎಂದು ಕರೆಯುತ್ತೇನೆ. ಭಾನುವಾರ ಪಾವನಿಯ ಹೆಸರು ಹೇಳಿದ ಮೇಲೆ ಅವನ ಹೆಸರನ್ನೂ ಹೇಳಿ. ಸ್ವಲ್ಪ ಗಟ್ಟಿಯಾಗಿಯೇ ಹೇಳಿ, ಈಚೆಗೆ ಇವರಿಗೆ ಕಿವಿ ಮಂದ.