ಜಮಖಾನೆಯ ಕೆಳಗಿನ ಫರಸಿ

ಬಾಲಗಾಂವ, ತಾ. ಜತ್ತ
೧೮ ಡಿಸೆಂಬರ್ ೨೦೨೪, ಬುಧವಾರ

ನನ್ನ ಮನೆಯ ಮಹಾರಾಣಿ, ಸದ್ಯಕ್ಕೆ ಡಫಳಾಪುರದ ತವರುಮನೆಯ ಅತಿಥಿ, ಸೌಭಾಗ್ಯವತಿ ಶಾಂತಾದೇವಿಗೆ, ನಿನ್ನ ಗಂಡ ಅಪ್ಪಾಸಾಹೇಬನು ಎರಡೂ ಕೈ ಎತ್ತಿ, ಎದೆ ತುಂಬಿ ಹಾರೈಸಿ ಬರೆಯುವುದೇನೆಂದರೆ, ಇಲ್ಲಿ ನಾನೂ ಅವ್ವನೂ ಜೀವಂತ ಇದ್ದೇವೆ. ಅವ್ವ ಆರೋಗ್ಯದಿಂದ ಇದ್ದಾಳೆ, ಅವಳ ನಾಲಿಗೆ ಇನ್ನೂ ಹೆಚ್ಚು ಆರೋಗ್ಯದಿಂದ ಇದೆ. ನಿನ್ನೆ ನಾನು ಬಡಿದ ಜೋಳದ ರೊಟ್ಟಿಯನ್ನು ಎತ್ತಿ ಹಿಡಿದು, "ಇದು ರೊಟ್ಟಿ ಅಲ್ಲಪಾ ಅಪ್ಪಾಸಾಹೇಬಾ, ನಿಮ್ಮ ನಾಟಕದ ಢಾಲು. ಪೆಟಿಗ್ಯಾಗ ಇಡು, ಮುಂದಿನ ಯುದ್ಧಕ್ಕ ಬರ್ತೈತಿ" ಎಂದಳು. ನಿನ್ನ ಕಾಲಿನ ಬಾವು ಇಳಿದಿದೆಯೆಂದು ನಿನ್ನ ತಮ್ಮ ವಿಜಯಕುಮಾರ ಹೇಳಿದ. ಕೇಳಿ ಅಂಗಡಿಯ ಗಲ್ಲೆಯಿಂದೆದ್ದು ಒಂದು ಸುತ್ತು ತಿರುಗಿದೆ. ಸಕ್ಕರೆ ಕೊಳ್ಳಲು ಬಂದವರು ಗಾಬರಿಯಾದರು.

ಈ ಕಾಲದಲ್ಲಿ ಪತ್ರ ಬರೆಯುವ ಗಂಡ ಜತ್ತ ತಾಲೂಕಿನಲ್ಲಿ ನಾನೊಬ್ಬನೇ ಇರಬೇಕು. ಏನು ಮಾಡಲಿ, ಫೋನು ಎತ್ತುವುದಿಲ್ಲ ನೀನು. ಎತ್ತಿದ ಒಂದೇ ಸಲವೂ ನಾನು ಉಸಿರು ಎಳೆದುಕೊಳ್ಳುವುದರೊಳಗೆ ನೀನು ತಡೆದುಬಿಟ್ಟೆ. "ರೀ, ನಿಮ್ಮ ದನಿ ಫೋನ್ ಇಲ್ಲದನೂ ಡಫಳಾಪುರತನಾ ಬರ್ತೈತಿ. ನನಗ ಡೈಲಾಗ್ ಬ್ಯಾಡ. ಮೊದಲ ಆ ನೆಲಾ ಮಾಡಸ್ರಿ. ಆಮ್ಯಾಲ ಅದು ಹೆಂಗ ಹಾಳಾತು ಅಂತ ವೇಷಾ ಕಳದ, ಖರೇ ಖರೇ ಬರದ ಕಳಸ್ರಿ. ಹಾಳ್ಯಾಗರ ಒದರಾಕ ಬರೂದಿಲ್ಲ. ಓದಿ ನೋಡಿ, ಬರೂದೋ ಬಿಡೂದೋ ಹೇಳ್ತೀನಿ" ಎಂದು ಫೋನು ಇಟ್ಟೆ.

ಸರಿ, ದೇವಿ. ಎರಡು ಶರತ್ತು. ಮೊದಲನೆಯದು ನಿನ್ನೆ ಸಂಜೆಗೆ ಮುಗಿಯಿತು. ಪಡಸಾಲೆಯಿಂದ ಬಚ್ಚಲಿನವರೆಗಿನ ನೆಲ ಈಗ ಕನ್ನಡಿ. ಎರಡನೆಯದು ಈ ಕಾಗದ. ವೇಷ ಕಳೆಯುವುದು ನನಗೆ ರೂಢಿ ಇಲ್ಲದ ಕೆಲಸ, ಸ್ವಲ್ಪ ಹೊತ್ತು ಹಿಡಿಯುತ್ತದೆ. ತಾಳಿಕೋ.

ಇನ್ನು ಪರದೆ ಏಳಲಿ. ಮೂರು ವರ್ಷದ ಹಿಂದಿನ ಬೇಸಿಗೆ. ನಾಟಕದ ವೇಷಭೂಷಣ ತುಂಬಿದ ಕಬ್ಬಿಣದ ಟ್ರಂಕನ್ನು ಅಟ್ಟದಿಂದ ಇಳಿಸುವಾಗ ನಾನು ಒಬ್ಬನೇ ಇಳಿಸುತ್ತೇನೆಂದು ಹಟ ಹಿಡಿದೆ. ಕಿರೀಟ, ಗದೆ, ನಾಲ್ಕು ರಾಜರ ಪೋಷಾಕು ಸಮೇತ ಅದು ಕೈ ಜಾರಿ, ಬಚ್ಚಲ ಬಾಗಿಲ ಮುಂದಿನ ಫರಸಿಯ ಮೇಲೆ ಮೂಲೆಯೂರಿ ಬಿದ್ದಿತು. ಶಹಾಬಾದಿ ಕಲ್ಲಿನ ಆ ಫರಸಿಯ ತುದಿ, ಹಳೇ ರೂಪಾಯಿ ಬಿಲ್ಲೆಯಷ್ಟು, ಚಕ್ಕೆ ಎದ್ದಿತು. ಉದ್ದಕ್ಕೆ ಒಂದು ಕೂದಲೆಳೆಯ ಬಿರುಕು. ಅಷ್ಟೇ. ನೀನು ಬಂದು, ಬಗ್ಗಿ, ಬೆರಳಾಡಿಸಿ ನೋಡಿ, "ಇದರಾಗ ನೀರ ಇಳೀತೈತ್ರಿ. ಸನಮಡಿ ಶಿದ್ರಾಯಣ್ಣಗ ಹೇಳ್ರಿ, ಗೌಂಡಿಗಿ ಅರ್ಧಾ ದಿನದ ಕೆಲಸ" ಎಂದೆ. ನಾನು ಹೇಳಿದೆ. ಶಿದ್ರಾಯ ಬರಲಿಲ್ಲವೆಂದು ನಿನಗೆ ತಿಳಿಸಿದೆ. ಆ ಮಾತು ಸದ್ಯ ಅಲ್ಲಿಯೇ ಇರಲಿ, ಮುಂದೆ ನೋಡೋಣ.

ನಾನು ಹಲಗೆಯ ಮೇಲೆ ಬೆಳೆದವನು, ನಿನಗೆ ಗೊತ್ತು. ನಮ್ಮಪ್ಪ ಊರೂರಿಗೆ ಮೇಳ ಕಟ್ಟಿಕೊಂಡು ಹೋದಾಗ ಹಾರ್ಮೋನಿಯಂ ಪೆಟ್ಟಿಗೆಯ ಪಕ್ಕ ನಿದ್ದೆ ಮಾಡಿ ದೊಡ್ಡವನಾದೆ. ರಂಗದ ಹಲಗೆ ಒಂದು ಮುರಿದಿದ್ದರೆ ಅಲ್ಲಿ ಬಡಿಗನನ್ನು ಹುಡುಕುತ್ತಾ ಕೂಡ್ರುವವರು ಯಾರು? ಮೇಲೊಂದು ಜಮಖಾನೆ ಹಾಸುವುದು. "ಎಡಕಿನ ಎರಡನೇ ಹಲಗಿ ಮ್ಯಾಲ ಯಾರೂ ಕಾಲಿಡಬ್ಯಾಡ್ರೋ" ಎಂದು ಅಪ್ಪ ಒಮ್ಮೆ ಹೇಳಿದರೆ ಮುಗಿಯಿತು. ರಾಜ ಅಲ್ಲಿಗೆ ಬಂದಾಗ ಗಿರಕ್ಕನೆ ತಿರುಗಿ ಒಂದು ದಾಪುಗಾಲು ಹಾಕುತ್ತಿದ್ದ. ರಾಣಿ ಸೆರಗು ಹಿಡಿದು ಬಳಸಿ ಹೋಗುತ್ತಿದ್ದಳು. ನೋಡುವವರು ಅದೇ ರಾಜಠೀವಿ ಎಂದು ಸೀಟಿ ಹೊಡೆಯುತ್ತಿದ್ದರು.

ನಾನು ಮನೆಗೂ ಅದೇ ಉಪಾಯ ತಂದೆ. ಜಮಖಾನೆ ಹಾಸಿದೆ. ಅವ್ವನಿಗೂ ನಿನಗೂ ಹೆಜ್ಜೆ ಕಲಿಸಿದೆ. ಪಡಸಾಲೆಯಿಂದ ನಾಲ್ಕು ಹೆಜ್ಜೆ, ಬಲಕ್ಕೆ ಅರ್ಧ ತಿರುವು, ಒಂದು ದೊಡ್ಡ ಹೆಜ್ಜೆ, ಬಚ್ಚಲು. ಎಂಬತ್ತರ ಹತ್ತಿರದ ಅವ್ವ ಕೋಲು ಊರಿಕೊಂಡು ಅದನ್ನು ಕಲಿತಳು. "ಈ ವಯಸ್ಸಿನ್ಯಾಗ ನನ್ನ ಕುಣಿಸಾಕತ್ತಿದಿ, ನಿನ್ನ ಬಾಯಾಗ ಮಣ್ಣ ಹಾಕ" ಎನ್ನುತ್ತಲೇ ಕಲಿತಳು. ವಿಜಯಕುಮಾರ ದೀಪಾವಳಿಗೆ ಬಂದು ಎರಡು ದಿನ ಇದ್ದವನು, ತನ್ನ ಮನೆಗೆ ಹೋದ ಮೇಲೂ ಬಚ್ಚಲ ಮುಂದೆ ಹಾರಿದನಂತೆ. ಕೇಳಿ ನಾನು ಎಷ್ಟು ನಕ್ಕೆ.

ನಾನು ನಗುತ್ತಿದ್ದಾಗ ಜಮಖಾನೆಯ ಕೆಳಗೆ ಬೇರೆಯೇ ಆಟ ನಡೆದಿತ್ತು. ದಿನಾ ಮುಂಜಾನೆ ಸಂದಿಯಿಂದ ಇರುವೆಗಳು ಹಿಡಿ ಮಣ್ಣು ತಂದು ಹಾಕುತ್ತಿದ್ದವು. ನೀನು ಗುಡಿಸುತ್ತಿದ್ದೆ, ಮರುದಿನ ಮತ್ತೆ ಹಿಡಿ ಮಣ್ಣು. ನೆಲ ಒರೆಸಿದ ನೀರು ಆ ಭಾಗದಲ್ಲಿ ನಿಲ್ಲುತ್ತಲೇ ಇರಲಿಲ್ಲ. "ನೆಲಾ ನೀರ ಕುಡ್ಯಾಕತ್ತೈತ್ರಿ" ಎಂದು ನೀನು ಅಂದರೆ, "ಬ್ಯಾಸಿಗಿ ಐತಿ, ಅದಕ್ಕೂ ನೀರಡಿಕಿ" ಎಂದೆ. ಅವ್ವ ಕೋಲಿನಿಂದ ಬಡಿದು "ಪೊಳ್ಳ ಆಗೈತೋ" ಎಂದರೆ, "ಚಲೋ ಆತು, ತಬಲಾ ತರೂದ ತಪ್ಪಿತು" ಎಂದೆ. ಪಕ್ಕದ ಎರಡು ಫರಸಿಗಳ ಸಂದು ಬಿಟ್ಟಾಗ ಜಮಖಾನೆಯನ್ನು ಅತ್ತ ಎಳೆದೆ. ನಾಲ್ಕನೆಯದು ಅಲುಗಾಡಿದಾಗ ಇನ್ನೂ ದೊಡ್ಡ ಜಮಖಾನೆ ತಂದೆ. ಒಂದು ವಿಷಯ ನನ್ನ ತಲೆಗೆ ಹೋಗಲೇ ಇಲ್ಲ, ಶಾಂತಾ. ನಮ್ಮ ರಂಗವನ್ನು ಬೆಳಗಾದರೆ ಬಿಚ್ಚಿ ಗಾಡಿಗೆ ಹೇರುತ್ತಿದ್ದರು. ಮನೆಯ ನೆಲವನ್ನು ಯಾರೂ ಬಿಚ್ಚುವುದಿಲ್ಲ, ಅದು ಅಲ್ಲೇ ಇದ್ದು ಕೆಡುತ್ತಾ ಹೋಗುತ್ತದೆ.

ಇನ್ನು ಕಾರ್ತಿಕದ ಕಡೇ ಸೋಮವಾರ. ಮಠದ ಅಯ್ಯನವರ ಪಾದಪೂಜೆಗೆ ನೀನು ವಾರದಿಂದ ಮನೆ ತೊಳೆದಿದ್ದೆ. ದೇವರ ಕೋಣೆಯ ಪಕ್ಕ ಮಣೆ ಹಾಕಿದ್ದೆ, ರಂಗೋಲಿ ಬಿಟ್ಟಿದ್ದೆ. ಊರ ಹಿರಿಯರು ಹದಿನೈದು ಜನ ಕೂತಿದ್ದರು. ಅವರಿಗೆಲ್ಲ ನಮ್ಮ ಹೆಜ್ಜೆ ಪಾಠವಾಗಿತ್ತು. ಅಯ್ಯನವರಿಗೆ ಹೇಳಲು ಮಾತ್ರ ಯಾರಿಗೂ ನೆನಪಾಗಲಿಲ್ಲ. ಅವರು ನೇರ ನಡೆಯುವ ಮನುಷ್ಯರು. ಕಾಲು ತೊಳೆಯಲೆಂದು ಬಚ್ಚಲ ಕಡೆ ನೇರ ಬಂದರು, ಜಮಖಾನೆಯ ಮೇಲೆ ಕಾಲಿಟ್ಟರು, ಮೀನಖಂಡದವರೆಗೆ ಒಳಗೆ ಇಳಿದರು. ಹಿಂದೆ ತಂಬಿಗೆ ಹಿಡಿದು ಬರುತ್ತಿದ್ದ ನೀನು ತಂಬಿಗೆ ಬಿಟ್ಟು ಅವರ ರಟ್ಟೆ ಹಿಡಿದೆ. ಅವರು ನಿಂತರು. ನಿನ್ನ ಕಾಲು ಉಳುಕಿತು.

ಅಯ್ಯನವರು ದೊಡ್ಡವರು. ಕಾಲಿನ ಮಣ್ಣು ಝಾಡಿಸುತ್ತಾ, "ಅಪ್ಪಾಸಾಹೇಬಾ, ಪಾದಪೂಜಿಗಿ ಅಂತ ಕರದಿ. ಪಾದಾ ಹುಗೀತೀನಿ ಅಂತ ಹೇಳಿದ್ದಿಲ್ಲ" ಎಂದರು. ಇಡೀ ಪಡಸಾಲೆ ನಕ್ಕಿತು. ಎಲ್ಲರಿಗಿಂತ ಜೋರಾಗಿ ನಾನು ನಕ್ಕೆ. ನಗುತ್ತಾ ತಿರುಗಿದರೆ, ನೀನು ಒದ್ದೆ ರಂಗೋಲಿಯ ಮೇಲೆ ಕಾಲು ಹಿಡಿದುಕೊಂಡು ಕೂತಿದ್ದೆ. ನನ್ನನ್ನೇ ನೋಡುತ್ತಿದ್ದೆ. ನನ್ನ ಮೂವತ್ತು ವರ್ಷದ ನಾಟಕದಲ್ಲಿ ಎಷ್ಟೋ ಜನ ನನ್ನನ್ನು ನೋಡಿದ್ದಾರೆ, ಹಾಗೆ ಯಾರೂ ನೋಡಿರಲಿಲ್ಲ. ಮರುದಿನ ನೀನು ವಿಜಯಕುಮಾರನ ಜೀಪು ಹತ್ತಿದೆ. ಇಂದಿಗೆ ಇಪ್ಪತ್ತೆರಡು ದಿನ.

ನೀನು ಹೋದ ಎರಡನೇ ದಿನ ಶಿದ್ರಾಯ ಬಂದ. ಒಂದು ಫೋನಿಗೇ ಬಂದ, ಥಾಪಿ, ಹಾರೆ ಎಲ್ಲ ತಂದಿದ್ದ. ಅವನು ಜಮಖಾನೆ ಸುತ್ತಿ ಬದಿಗಿಟ್ಟು, ಹಾರೆಯಿಂದ ಫರಸಿ ಎತ್ತಿ, "ಬರ್ರಿ ಸಾಹೇಬ್ರ, ನಿಮ್ಮ ನೆಲಮಾಳಗಿ ನೋಡ್ರಿ" ಎಂದು ಕರೆದ. ನೋಡಿದೆ. ಮೊಣಕೈವರೆಗೆ ಕೈ ಹೋಗುವಷ್ಟು ಟೊಳ್ಳು. ಕೆಳಗಿನ ಗರಸು ಮಣ್ಣು ನೀರಿನೊಂದಿಗೆ ಹರಿದು ಹೋಗಿ, ಉಳಿದದ್ದನ್ನು ಇರುವೆ ಹೊತ್ತು, ಅಂಗಡಿಯ ಇಲಿಗಳು ಆ ಜಾಗದಲ್ಲಿ ಸಂಸಾರ ಹೂಡಿದ್ದವು. ನನ್ನ ಶೇಂಗಾ ಚೀಲ ಹಗುರಾಗುತ್ತಿದ್ದುದು ಯಾಕೆಂದು ಅಂದು ತಿಳಿಯಿತು. ಸಿಪ್ಪೆಯೇ ಒಂದು ಬುಟ್ಟಿ ಸಿಕ್ಕಿತು.

ನಾನು ಅಲ್ಲಿಯೂ ಒಂದು ಚಟಾಕಿ ಹಾರಿಸಿದೆ. ಶಿದ್ರಾಯ ನಗಲಿಲ್ಲ. ಬಚ್ಚಲ ಗೋಡೆಯ ಬುಡ ಕೆದರಿ, ಒಂದು ಮುದ್ದೆ ಮಣ್ಣು ತೆಗೆದು ನನ್ನ ಅಂಗೈಗೆ ಇಟ್ಟ. ನಾದಿದ ಹಿಟ್ಟಿನ ಹಾಗೆ ಮೆತ್ತಗಿತ್ತು. "ಫರಸಿ ಒಡದದ್ದಕ್ಕ ಏನ ಆಗೂದಿಲ್ರಿ. ಅದರಾಗಿಂದ ನೀರ ಎಲ್ಲಿ ಹೊಂಟೈತಿ ಅನ್ನೂದ ನೋಡಬೇಕ. ಆವಾಗಾದ್ರ ಒಂದ ಬುಟ್ಟಿ ಸಿಮೆಂಟ್ ಮಾಲು, ಅರ್ಧಾ ದಿನ. ಈಗ ಹನ್ನೊಂದ ಫರಸಿ ಎಬ್ಬಸಬೇಕ. ಇನ್ನೊಂದ ಮಳಿಗಾಲ ಬಿಟ್ಟಿದ್ರ ಈ ಗ್ವಾಡಿ ಕುಂದರ್ತಿತ್ತು. ಗ್ವಾಡಿಗಿ ಹತ್ತಿ ಯಾರ ಮಕ್ಕೊಂತಾರ್ರಿ?" ಎಂದು ಕೇಳಿದ.

ಆ ಗೋಡೆಗೆ ತಾಗಿಕೊಂಡು ಅವ್ವ ಮಲಗುತ್ತಾಳೆ, ಶಾಂತಾ. ಅವ್ವನ ಹಾಸಿಗೆಯನ್ನು ಅದೇ ಮಧ್ಯಾಹ್ನ ದೇವರ ಕೋಣೆಗೆ ಎತ್ತಿಕೊಂಡು ಹೋದೆ.

ಆಮೇಲಿನ ಹದಿನೆಂಟು ದಿನ ನಿನ್ನ ಗಂಡ ಕೂಲಿಯಾಳು. ಗರಸಿನ ಬುಟ್ಟಿ ಹೊತ್ತೆ, ದಮ್ಮಸು ಹೊಡೆದು ನೆಲ ಗಟ್ಟಿ ಮಾಡಿದೆ. ಅಂಗಡಿಯನ್ನು ದಿನಾ ಅರ್ಧ ಹೊತ್ತು ಮುಚ್ಚಿದೆ. ಗೋಡೆಯ ಬುಡಕ್ಕೆ ಹೊಸ ಕಲ್ಲು ಕೂತವು, ಬಚ್ಚಲಿನ ನೀರು ಹೊರಗೆ ಹೋಗುವ ಪೈಪು ಹೊಸದಾಯಿತು. ಶಿದ್ರಾಯ ಫರಸಿ ಕೂಡಿಸಿದಂತೆಲ್ಲ ಅವ್ವ ಮೇಸ್ತ್ರಿಯಂತೆ ಬಂದು ಕೋಲಿನಿಂದ ಬಡಿದು ಕಿವಿಗೊಡುತ್ತಿದ್ದಳು. ಏಳನೆಯದಕ್ಕೆ "ಇದರಾಗ ಗಾಳಿ ಐತಿ, ತಗಿ" ಎಂದಳು. ಶಿದ್ರಾಯ ಮರುಮಾತಾಡದೆ ಎತ್ತಿದ. ನಿಜಕ್ಕೂ ಒಂದು ಮೂಲೆಗೆ ಮಾಲು ತಾಗಿರಲಿಲ್ಲ. "ಆಯಿ, ನೀವು ನನ್ನ ಜೋಡಿ ಕೆಲಸಕ್ಕ ಬರ್ರಿ" ಎಂದ. "ಚಾ ಎಷ್ಟ ಸಲ ಕುಡಸ್ತಿ, ಅದನ್ನ ಮೊದಲ ಹೇಳು" ಎಂದಳು.

ನಿನ್ನೆ ಎಲ್ಲ ಫರಸಿ ಪಾಸಾದವು. ನಾನು ಎದೆಯುಬ್ಬಿಸಿ ಹೊಸ ನೆಲದ ಮೇಲೆ ಬಚ್ಚಲಿಗೆ ನಡೆದೆ. ನಾಲ್ಕು ಹೆಜ್ಜೆ ಇಟ್ಟವನೇ ಬಲಕ್ಕೆ ತಿರುಗಿ ದಾಪುಗಾಲು ಹಾಕಿಬಿಟ್ಟೆ. ಅವ್ವ, ಶಿದ್ರಾಯ ಇಬ್ಬರೂ ಹೊಟ್ಟೆ ಹಿಡಿದುಕೊಂಡರು. ನೀನು ಇದ್ದಿದ್ದರೆ ನಗುತ್ತಿದ್ದೆಯೋ ಇಲ್ಲವೋ ಎಂದು ನನಗೆ ಗೊತ್ತಿಲ್ಲ. ಗೊತ್ತು ಮಾಡಿಕೊಳ್ಳುವ ಆಸೆ ಇದೆ.

ಬಾ, ಶಾಂತಾ. ಜಮಖಾನೆಯನ್ನು ಬಿಸಿಲಿಗೆ ಹಾಕಿ, ಕೊಡವಿ, ಮಡಚಿ ಟ್ರಂಕಿಗೆ ಸೇರಿಸಿದ್ದೇನೆ. ಟ್ರಂಕನ್ನು ಇಬ್ಬರು ಆಳು ಕರೆದು ಅಟ್ಟಕ್ಕೆ ಏರಿಸಿದ್ದೇನೆ. ಅವ್ವ ದಿನಾ ಬಾಗಿಲಿಗೆ ಕೂತು, ಹೋಗುವ ಬರುವವರಿಗೆಲ್ಲ "ನನ್ನ ಸೊಸಿ ನೆಲಾ ನೋಡಾಕ ಬರಾವ್ಳದಾಳ" ಎಂದು ಸಾರುತ್ತಿದ್ದಾಳೆ. ದನಿಯಲ್ಲಿ ನಾನು ಅವಳ ಮಗನೇ ಎಂಬುದು ಊರಿಗೆಲ್ಲ ಮತ್ತೊಮ್ಮೆ ಗೊತ್ತಾಗಿದೆ.

ನಿನ್ನ ದಾರಿಯನ್ನೂ ನಿನ್ನ ಕೈಯ ರೊಟ್ಟಿಯನ್ನೂ ಸಮನಾಗಿ ಕಾಯುತ್ತಿರುವ,
ನಿನ್ನ
ಅಪ್ಪಾಸಾಹೇಬ

ತಾ. ಕ.: ಮೇಲೆ ಒಂದು ಮಾತನ್ನು ಅಲ್ಲಿಯೇ ಇರಲಿ ಎಂದು ಬಿಟ್ಟಿದ್ದೆ. ಅದನ್ನು ಬರೆಯದೆ ಕಾಗದ ಮಡಚಲು ಕೈ ಬರಲಿಲ್ಲ.

ಮೂರು ವರ್ಷದ ಹಿಂದೆ ಶಿದ್ರಾಯ ಬಂದಿದ್ದ. ಹೇಳಿದ ದಿನವೇ, ಹೇಳಿದ ಹೊತ್ತಿಗೇ ಬಂದಿದ್ದ. ನೀನು ಹೊಲಕ್ಕೆ ಹೋಗಿದ್ದೆ. ಪಡಸಾಲೆಯಲ್ಲಿ ನಮ್ಮ ತಾಲೀಮು ನಡೆದಿತ್ತು, ನಾನು ರಾಜನಾಗಿ ನಿಂತಿದ್ದೆ. ಧೂಳು ಆಗುತ್ತದೆ, ಮುಂದಿನ ವಾರ ಬಾ ಎಂದು ಅವನನ್ನು ಬಾಗಿಲಿನಿಂದಲೇ ಕಳಿಸಿದೆ. ಮುಂದಿನ ವಾರ ಕರೆಯಲಿಲ್ಲ. ನೀನು ಕೇಳಿದಾಗ, ಗೌಂಡಿ ಮಾತಿಗೆ ನಿಲ್ಲುವವನಲ್ಲ ಎಂದೆ.

ನೀನು ನಂಬಿದೆ. ಜತ್ತದ ಸಂತೆಯಲ್ಲಿ ನಾಲ್ಕು ಜನರ ಮುಂದೆ ಅವನಿಗೆ ಸುಳ್ಳುಗಾರ ಎಂದೆ. ಅವನ ಮಗಳು ಸುನಿತಾಳ ಮದುವೆಗೆ ಹೋಗಲಿಲ್ಲ. ಅವನ ಹೆಂಡತಿ ಯಲ್ಲವ್ವ, ಕುರಿ ಹೊಡೆದುಕೊಂಡು ನಮ್ಮೂರ ಕಡೆ ಬಂದಾಗಲೆಲ್ಲ ನಮ್ಮ ಕಟ್ಟೆಯ ಮೇಲೆ ಕೂತು ನಿನ್ನೊಡನೆ ತಾಸುಗಟ್ಟಲೆ ಹರಟುತ್ತಿದ್ದವಳು, ಬರುವುದನ್ನೇ ಬಿಟ್ಟಳು. ನಾನು ಇದೆಲ್ಲ ನೋಡುತ್ತಾ ಸುಮ್ಮನಿದ್ದೆ. ಮೊನ್ನೆ ಶಿದ್ರಾಯನನ್ನು ಕೇಳಿದೆ, ನೀನಾದರೂ ಯಾಕೆ ಹೇಳಲಿಲ್ಲ ಎಂದು. "ಗಂಡಾ ಹೆಣ್ತಿ ನಡುವ ನಾ ಏನ ಹೇಳ್ಲಿ ಸಾಹೇಬ್ರ. ನೀವ ಹೇಳ್ತೀರಿ ಅಂತ ಕುಂತಿದ್ದೆ" ಎಂದ.

ಈ ಕಾಗದವನ್ನು ನಿನ್ನ ಕೈಗೆ ಕೊಟ್ಟು, ಬಾಗಿಲಲ್ಲಿ ನಿಂತಿರುವವನು ಅವನೇ. ಒಳಗೆ ಕರೆದು ಕೂಡ್ರಿಸು. ಯಲ್ಲವ್ವನೂ ಜೊತೆಗೆ ಬಂದಿದ್ದಾಳೆ. ನೀನು ಏನನ್ನುತ್ತೀಯೋ ಎಂದು ಅಂಜಿ, ಡಫಳಾಪುರದ ಸ್ಟ್ಯಾಂಡಿನಲ್ಲೇ ಕೂತಿರುತ್ತೇನೆ ಎಂದಿದ್ದಾಳೆ. ನನ್ನ ಮೇಲಿನ ಸಿಟ್ಟು ಇರಲಿ, ಅದು ನನ್ನ ಪಾಲಿನದು. ಅವರು ಮರಳುವ ಜೀಪಿನಲ್ಲಿ ನೀನು ಬಾರದಿದ್ದರೂ ನಡೆಯುತ್ತದೆ, ಯಲ್ಲವ್ವನನ್ನು ಮಾತ್ರ ಈಗಲೇ ಹೋಗಿ ಕರೆದುಕೊಂಡು ಬಾ.