ನಲವತ್ತು ಪುಸ್ತಕಗಳಲ್ಲಿ ಹುಟ್ಟಿದ ಎಂಟುನೂರು ಕೂಸುಗಳು

ಮಾನ್ಯ ದಾದಿಯರ ನೋಂದಣಿ ಅಧಿಕಾರಿಗಳೇ,

ಇಪ್ಪತ್ತು ಹೆರಿಗೆ ಮಾಡಿಸಿದ ಅನುಭವವಿದ್ದೂ ಕಸ್ಬಾದ ನರ್ಸಿಂಗ್ ಹೋಮಿನಲ್ಲಿ ಒಂದು ಕೂಸನ್ನು ಉಳಿಸದ ನನ್ನ ಮಗಳು ಪೂರ್ವಿಯ ನೋಂದಣಿಯನ್ನು ಯಾಕೆ ರದ್ದು ಮಾಡಬಾರದು ಎಂದು ತಾವು ನೋಟೀಸು ಕಳಿಸಿದ್ದೀರಿ. ಇಂಗ್ಲಿಷಿನಲ್ಲಿ ಎರಡು, ಬಂಗಾಳಿಯಲ್ಲಿ ಒಂದು ಉತ್ತರ ಬರೆಸಿದೆ. ಮೂರಕ್ಕೂ ಮುದ್ರೆ ಬಿತ್ತು, ಯಾರೂ ಓದಲಿಲ್ಲ. ಹೇಗೂ ಓದುವುದಿಲ್ಲವೆಂದ ಮೇಲೆ ನನಗೆ ಚೆನ್ನಾಗಿ ಬರುವ ಭಾಷೆಯಲ್ಲೇ ಬರೆಯೋಣವೆಂದು ಇದನ್ನು ಬಂಗಾಳದಲ್ಲಿರುವ ನಮ್ಮ ಕನ್ನಡ ಸಂಘದ ಪತ್ರಿಕೆಗೆ ಕೊಡುತ್ತಿದ್ದೇನೆ.

ನಾನು ಓದಿದ್ದು ಏಳನೆಯ ತರಗತಿ. ಖಿದಿರ್‌ಪುರದ ಹಡಗುಕಟ್ಟೆಯಲ್ಲಿ ಮೂಟೆ ಎಣಿಸುತ್ತ ಮೇಲೆ ಬಂದವನು. ಕಾಗದದ ಮೇಲಿನ ಸರಕಿಗೂ ನೆಲಕ್ಕಿಳಿದ ಸರಕಿಗೂ ತಾಳೆ ನೋಡುವುದೇ ಕಸುಬು. ಇಲ್ಲೂ ಎಣಿಸಿದೆ. ಪೂರ್ವಿಯ ತರಗತಿಯಲ್ಲಿ ನಲವತ್ತು ಹುಡುಗಿಯರು. ತಲಾ ಇಪ್ಪತ್ತು ಹೆರಿಗೆ ಮಾಡಿಸಿದ್ದಾರೆಂದು ಪ್ರತಿಯೊಬ್ಬರ ದಾಖಲೆ ಪುಸ್ತಕ ಹೇಳುತ್ತದೆ; ಕೆಳಗೆ ಕಾಲೇಜಿನ ಸಹಿ, ಅದರ ಕೆಳಗೆ ತಮ್ಮ ಮುದ್ರೆ. ಒಟ್ಟು ಎಂಟುನೂರು. ಅವರು ಕಲಿತ ಆಸ್ಪತ್ರೆ ಅವರ ಹೆರಿಗೆ ತರಬೇತಿ ನಡೆದ ವರ್ಷದ ವರದಿಯಲ್ಲಿ ಹೆಮ್ಮೆಯಿಂದ ಅಚ್ಚು ಹಾಕಿದ ಹೆರಿಗೆಗಳು ಇನ್ನೂರ ಹನ್ನೆರಡು. ಉಳಿದ ಐನೂರ ಎಂಬತ್ತೆಂಟು ಕೂಸುಗಳು ಎಲ್ಲಿ ಹುಟ್ಟಿದವು, ಮಾನ್ಯರೇ? ತಮ್ಮ ಕಚೇರಿಯ ಕಪಾಟಿನಲ್ಲೇ?

ಮಗಳನ್ನೇ ಕೇಳಿದೆ.

"ಅಪ್ಪಾ, ಒಂದು ಕೂಸು ಹುಟ್ಟಿದ್ರ ಆರು ಮಂದಿ ಬುಕ್ಕಿನ್ಯಾಗ ಬರಕೊಳ್ತಿದ್ವಿ. ನಾ ಹಿಂದ ನಿಂತಿರ್ತಿದ್ದೆ. ನನಗ ಸಿಸ್ಟರ್ ಬೆನ್ನಷ್ಟ ಕಾಣ್ತಿತ್ತು."

"ನೀ ಕೈಯಾರ ಮಾಡಿಸಿದ್ದು ಎಷ್ಟವ್ವಾ?"

"ಝೀರೋ."

ಹಾಗಾದರೆ ಮೂರು ವರ್ಷ ಕಲಿಸಿದ್ದೇನು? ಹೊರದೇಶದ ಆಸ್ಪತ್ರೆಗಳಿಗೆ ದಾದಿಯರು ಸಾಲುತ್ತಿಲ್ಲವೆಂಬ ಸುದ್ದಿ ಬಂದದ್ದೇ ತಡ, ಕಾಲೇಜು ಸಾಲ್ಟ್ ಲೇಕಿನ ಕಾಲ್ ಸೆಂಟರಿನಿಂದ ಮಾಸ್ತರರನ್ನು ಕರೆಸಿ ಇಂಗ್ಲಿಷ್ ಉಚ್ಚಾರ ತಿದ್ದಿಸಿತು. ರೋಗಿಯ ಕ್ಷೇಮ ವಿಚಾರಿಸುವುದನ್ನು ನನ್ನ ಮಗಳು ಲಂಡನ್ನಿನ ಧಾಟಿಯಲ್ಲೂ ಮಾಡಬಲ್ಲಳು, ಅಮೆರಿಕದ ಧಾಟಿಯಲ್ಲೂ ಮಾಡಬಲ್ಲಳು. ಆದರೆ ಈ ಮಾರ್ಚಿನಲ್ಲಿ ಆ ನರ್ಸಿಂಗ್ ಹೋಮಿನಲ್ಲಿ, ಡಾಕ್ಟರು ಇನ್ನೂ ದಾರಿಯಲ್ಲಿದ್ದಾಗ, ಹುಟ್ಟಿದ ಕೂಸು ಅಳಲಿಲ್ಲ. ಉಸಿರು ಕೊಡುವ ಚೀಲ ಪಕ್ಕದಲ್ಲೇ ಇತ್ತು. ಅದನ್ನು ಅಷ್ಟು ಪುಟ್ಟ ಮುಖಕ್ಕೆ ಹೇಗೆ ಹಿಡಿಯಬೇಕೆಂದು ಅವಳಿಗೆ ಗೊತ್ತಿರಲಿಲ್ಲ. ಪರೀಕ್ಷೆಯಲ್ಲಿ ಆ ಚೀಲದ ಚಿತ್ರ ಬರೆದು ಹತ್ತಕ್ಕೆ ಒಂಬತ್ತು ಅಂಕ ಪಡೆದವಳು ಅವಳೇ.

ತಪ್ಪು ಅವಳದಲ್ಲ ಎಂದು ನಾನು ವಾದಿಸುವುದಿಲ್ಲ. ಆ ತಾಯಿಯ ಎದುರು ಯಾರೂ ಹಾಗೆ ವಾದಿಸಲಾರರು. ಆದರೆ ಸುಳ್ಳು ಪುಸ್ತಕಕ್ಕೆ ಮುದ್ರೆ ಒತ್ತಿದವರೇ ಅದೇ ಪುಸ್ತಕವನ್ನು ಸಾಕ್ಷಿಯೆಂದು ಹಿಡಿದು ಅವಳನ್ನು ವಿಚಾರಿಸುವುದು ಯಾವ ನ್ಯಾಯ?

ಇನ್ನೊಂದು ಸಂಗತಿ. ಬಾಲಿಗಂಜಿನ ಏಜೆಂಟನೊಬ್ಬ ಕೊಲ್ಲಿ ದೇಶದ ಹೆರಿಗೆ ವಾರ್ಡಿನಲ್ಲಿ ಪೂರ್ವಿಗೆ ಕೆಲಸ ಗೊತ್ತು ಮಾಡಿದ್ದಾನೆ. "ದಾದಾ, ಅಲ್ಲಿ ಪುಸ್ತಕ ನೋಡ್ತಾರೆ, ಕೈ ನೋಡೋದಿಲ್ಲ. ರದ್ದಾಗೋ ಮೊದಲೇ ಹೊರಟುಬಿಡಲಿ" ಎಂದ. ವಿಮಾನ ಭಾನುವಾರ, ತಮ್ಮ ವಿಚಾರಣೆ ಸೋಮವಾರ. ಅವಳ ಸಹಪಾಠಿಗಳಲ್ಲಿ ಹನ್ನೊಂದು ಮಂದಿ ಆಗಲೇ ಅಂಥ ವಾರ್ಡುಗಳಲ್ಲಿದ್ದಾರೆ.

"ಹೋಗ್ಲಿ ಬಿಡ್ರಿ, ಅಲ್ಲಿಯರ ಮರ್ಯಾದಿಯಿಂದ ಬಾಳ್ತಾಳ" ಎಂದಳು ನನ್ನ ಹೆಂಡತಿ ಚೆನ್ನಮ್ಮ.

"ಅಲ್ಲಿ ಕೂಸು ಅಳಲಿಲ್ಲಂದ್ರ, ಅವ್ವಾ?" ಎಂದು ಕೇಳಿದಳು ಪೂರ್ವಿ.



ಆದ್ದರಿಂದ ಸೋಮವಾರ ಪೂರ್ವಿ ತಮ್ಮೆದುರು ನಿಲ್ಲುತ್ತಾಳೆ. ತನಗೆ ಹೆರಿಗೆ ಮಾಡಿಸಲು ಬರುವುದಿಲ್ಲ ಎಂದು ಹೇಳುತ್ತಾಳೆ. ದಯವಿಟ್ಟು ಅದನ್ನು ಬರೆದುಕೊಳ್ಳಿ. ಕ್ಷಮೆ ಬೇಡ. ಕೆಲಸ ಬಲ್ಲ ಹಿರಿಯ ದಾದಿಯೊಬ್ಬರ ಕೈಕೆಳಗೆ ಆರು ತಿಂಗಳು ಅವಳನ್ನು ಹೆರಿಗೆ ಕೋಣೆಯಲ್ಲಿ ನಿಲ್ಲಿಸಿ, ಕಲಿಸಿ. ಕಲಿಯದಿದ್ದರೆ ಆಗ ಹೆಸರು ಹೊಡೆದುಹಾಕಿ. ಉಳಿದ ಮೂವತ್ತೊಂಬತ್ತು ಪುಸ್ತಕಗಳನ್ನೂ ಅದೇ ದಿನ ಮೇಜಿನ ಮೇಲೆ ತರಿಸಿ. ಆ ಹನ್ನೊಂದು ಮಂದಿಯ ಆಸ್ಪತ್ರೆಗಳಿಗೆ ನಿಜ ಬರೆಯಿರಿ. ಅಲ್ಲಿಯೂ ಇಂದು ಯಾರೋ ಹೆರುತ್ತಿರುತ್ತಾರೆ.

ಇಂತಿ,
ಮಗಳ ಆ ಪುಸ್ತಕವನ್ನು ಮನೆಗೆ ಬಂದವರಿಗೆಲ್ಲ ತೋರಿಸಿ ಮೆರೆದ,
ಮರಿಯಪ್ಪ
ಖಿದಿರ್‌ಪುರ, 2006